ಜರ್ಮನ್ ಪೂರ್ವಿಕರ ಹುಟ್ಟೂರು ಹುಡುಕಲು ಯಾವ ದಾರಿ ಮೇಲು: ಹಡಗಿನ ಪಟ್ಟಿಯೋ, ಪೌರತ್ವ ಪತ್ರವೋ, ಚರ್ಚಿನ ದಫ್ತರವೋ, ಡಿಎನ್‌ಎಯೋ?

ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ ಜರ್ಮನ್ ಮೂಲದ ಕುಟುಂಬಗಳಿಗೆ ಬರವಿಲ್ಲ. ತಮ್ಮ ಹಿರಿಯರ ಹುಟ್ಟೂರನ್ನು ಹೆಸರಿಸಬಲ್ಲ ಕುಟುಂಬಗಳು ಮಾತ್ರ ವಿರಳ. ನನ್ನ ಪತ್ನಿಯ ತಾಯಿಯ ಮನೆತನವೂ ಹಾಗೆಯೇ. 1870ರ ದಶಕದ ಆರಂಭದಲ್ಲಿ ಮಿಲ್ವಾಕಿಗೆ ಬಂದಿಳಿದ ಅವರ ಪೂರ್ವಿಕರ ಬಗ್ಗೆ ಮನೆಯಲ್ಲಿ ಉಳಿದಿದ್ದದ್ದು 'ಪ್ರಷ್ಯದವರು' ಎಂಬ ಒಂದು ಮಾತು ಅಷ್ಟೆ. ಪ್ರಷ್ಯವೆಂದರೆ ರೈನ್ ನದಿಯ ಆಚೆಯಿಂದ ಇಂದಿನ ಲಿಥುವೇನಿಯದ ಅಂಚಿನವರೆಗೆ ಹರಡಿದ್ದ ರಾಜ್ಯ. ಅಲ್ಲಿನ ಜನನ, ವಿವಾಹ, ಮರಣಗಳ ದಾಖಲೆಗಳೆಲ್ಲ ಊರು ಊರಿಗೆ ಪ್ರತ್ಯೇಕವಾಗಿದ್ದು, ದೇಶಕ್ಕೆಲ್ಲ ಅನ್ವಯಿಸುವ ಒಂದೇ ಸೂಚಿ ಎಂಬುದಿಲ್ಲ. ಆದ್ದರಿಂದ ಊರಿನ ಹೆಸರು ಸಿಗದೆ ಸಾಗರದ ಆಚೆಗೆ ಒಂದು ಹೆಜ್ಜೆಯನ್ನೂ ಇಡಲಾಗದು. ಅದನ್ನು ಪತ್ತೆಹಚ್ಚಲು ನಾವಿಬ್ಬರೂ ಬಳಸಿ ನೋಡಿದ ದಾರಿಗಳನ್ನು ಇಲ್ಲಿ ಹೋಲಿಸುತ್ತಿದ್ದೇನೆ.

ಜನಗಣತಿಯನ್ನು ಬೇಗನೆ ಬದಿಗಿಡಬಹುದು. 1870ರ ಗಣತಿಯಲ್ಲಿ ಜರ್ಮನಿಯಲ್ಲಿ ಹುಟ್ಟಿದವರ ಮುಂದೆ ಪ್ರಷ್ಯ, ಬಾಡೆನ್, ಬವೇರಿಯ ಎಂದು ರಾಜ್ಯದ ಹೆಸರನ್ನಾದರೂ ಬರೆದಿದ್ದಾರೆ. 1900ರ ಗಣತಿಯ ಹೊತ್ತಿಗೆ ಬರಿಯ 'ಜರ್ಮನಿ' ಉಳಿಯಿತು.

ಎಲ್ಲರೂ ಮೊದಲು ಕೈಹಾಕುವುದು ಹಡಗಿನ ಪ್ರಯಾಣಿಕರ ಪಟ್ಟಿಗಳಿಗೆ. ಇಲ್ಲಿ ಎರಡು ಬಗೆಯನ್ನು ಬೇರ್ಪಡಿಸಿ ನೋಡಬೇಕು. ಅಮೆರಿಕದ ಬಂದರುಗಳಲ್ಲಿ 1820ರಿಂದ ಸಂಗ್ರಹವಾದ ಆಗಮನದ ಪಟ್ಟಿಗಳಲ್ಲಿ ಹೆಸರು, ವಯಸ್ಸು, ಕಸುಬು ಮತ್ತು ದೇಶ ಇರುತ್ತವೆ. ಹತ್ತೊಂಬತ್ತನೆಯ ಶತಮಾನದ ಬಹುಪಾಲು ಪಟ್ಟಿಗಳಲ್ಲಿ ಊರು ಇರುವುದಿಲ್ಲ. ಹ್ಯಾಂಬರ್ಗ್ ಬಂದರಿನ ನಿರ್ಗಮನದ ಪಟ್ಟಿಗಳ ಮಾತು ಬೇರೆ. 1850ರಿಂದ 1934ರವರೆಗಿನ ಈ ಪಟ್ಟಿಗಳು ಬಹುಮಟ್ಟಿಗೆ ಉಳಿದುಬಂದಿದ್ದು, ಪ್ರಯಾಣಿಕರು ಕೊನೆಯದಾಗಿ ವಾಸವಾಗಿದ್ದ ಊರನ್ನೂ ತಿಳಿಸುತ್ತವೆ. ಇಂಗ್ಲೆಂಡಿನ ಬಂದರುಗಳ ಮೂಲಕ ಹಡಗು ಬದಲಿಸಿ ಹೋದವರಿಗೆ ಬೇರೆಯೇ ಪಟ್ಟಿಗಳಿವೆ ಎಂಬುದನ್ನು ನೆನಪಿಡಬೇಕು. ಬ್ರೆಮೆನ್ ಮೂಲಕ ಹೊರಟವರ ಪಾಡು ಮಾತ್ರ ಕಷ್ಟ: ಜಾಗದ ಕೊರತೆಯ ನೆಪದಲ್ಲಿ ಅಲ್ಲಿನ ಹಳೆಯ ಪಟ್ಟಿಗಳನ್ನು ಅಧಿಕಾರಿಗಳೇ ನಾಶಪಡಿಸಿದರು, ಉಳಿದವುಗಳಲ್ಲಿ ಹೆಚ್ಚಿನವು ಎರಡನೆಯ ಮಹಾಯುದ್ಧದಲ್ಲಿ ಹೋದವು. ಲಕ್ಷಾಂತರ ಜನರನ್ನು ಸಾಗಿಸಿದ ಬಂದರೊಂದರ ದಾಖಲೆ ಹೀಗೆ ರದ್ದಿಯಾದುದನ್ನು ಓದಿದಾಗ ಯಾರಿಗಾದರೂ ಸಂಕಟವಾದೀತು.

ನಮ್ಮವರು ಹ್ಯಾಂಬರ್ಗಿನಿಂದಲೇ ಹೊರಟಿದ್ದರು, ಪಟ್ಟಿಯಲ್ಲಿ ಅವರ ಹೆಸರೂ ಸಿಕ್ಕಿತು. ಊರಿನ ಅಂಕಣದಲ್ಲಿ ಇದ್ದದ್ದು 'ನೊಯೆನ್‌ಡಾರ್ಫ್, ಪ್ರಷ್ಯ'. 1912ರ ಮೇಯರ್ಸ್ ಸ್ಥಳನಾಮ ಕೋಶವು ಅಂದಿನ ಜರ್ಮನ್ ಸಾಮ್ರಾಜ್ಯದ 2 ಲಕ್ಷಕ್ಕೂ ಹೆಚ್ಚು ಸ್ಥಳಗಳನ್ನು ಪಟ್ಟಿಮಾಡುತ್ತದೆ. ಅಂತರ್ಜಾಲದಲ್ಲಿ ಉಚಿತವಾಗಿ ಸಿಗುವ ಆ ಕೋಶದಲ್ಲಿ ಈ ಹೆಸರನ್ನು ಹುಡುಕಿದರೆ ನೊಯೆನ್‌ಡಾರ್ಫ್‌ಗಳ ಸಾಲೇ ತೆರೆದುಕೊಳ್ಳುತ್ತದೆ. ಅಲ್ಲಿಗೆ ಹಡಗಿನ ಪಟ್ಟಿ ತನ್ನ ಕೆಲಸವನ್ನು ಅರ್ಧಕ್ಕೆ ನಿಲ್ಲಿಸಿತು. ಇಂಥಲ್ಲಿ ಬೇಕಾಗುವುದು 'ಕ್ರೈಸ್', ಅಂದರೆ ಆ ಊರು ಸೇರಿದ್ದ ಆಡಳಿತ ವಲಯದ ಹೆಸರು.

ಪೌರತ್ವದ ಪತ್ರಗಳು ಅದಕ್ಕಿಂತಲೂ ಕಡಿಮೆ ಫಲ ಕೊಟ್ಟವು. 1906ರ ಕಾನೂನು ಏಕರೂಪದ ನಮೂನೆಗಳನ್ನು ತರುವ ಮುಂಚೆ ಒಂದೊಂದು ನ್ಯಾಯಾಲಯ ತನಗೆ ತೋಚಿದಂತೆ ಬರೆದುಕೊಳ್ಳುತ್ತಿತ್ತು. ನಮಗೆ ಸಿಕ್ಕ ಪತ್ರದಲ್ಲಿ ಜರ್ಮನ್ ಚಕ್ರವರ್ತಿಯ ಮೇಲಿನ ನಿಷ್ಠೆಯನ್ನು ತೊರೆದ ಘೋಷಣೆಯಿದೆ, ಬಂದಿಳಿದ ಬಂದರಿದೆ, ಊರಿಲ್ಲ. ಹೆಂಗಸರ ಜಾಡು ಹಿಡಿದವರಿಗಂತೂ ಇದು ಇನ್ನೂ ನಿರಾಶಾದಾಯಕ. 1922ರವರೆಗೆ ಗಂಡನ ಪೌರತ್ವವೇ ಹೆಂಡತಿಗೂ ದಕ್ಕುತ್ತಿದ್ದುದರಿಂದ ಬಹುಪಾಲು ವಿವಾಹಿತೆಯರ ಹೆಸರಿನಲ್ಲಿ ಪ್ರತ್ಯೇಕ ಪತ್ರವೇ ಇಲ್ಲ. ಆದರೆ 1906ರ ನಂತರ ಅರ್ಜಿ ಹಾಕಿದವರ ವಂಶಸ್ಥರು ಇಲ್ಲಿಂದಲೇ ಆರಂಭಿಸುವುದು ಲೇಸು, ಏಕೆಂದರೆ ಹೊಸ ನಮೂನೆಯಲ್ಲಿ ಜನ್ಮಸ್ಥಳಕ್ಕೆ ಜಾಗವಿದೆ.

ನನ್ನ ತೀರ್ಪಿನಲ್ಲಿ ಮೇಲುಗೈ ಚರ್ಚಿನ ದಫ್ತರದ್ದು, ಅದೂ ಜರ್ಮನಿಯದಲ್ಲ, ಅಮೆರಿಕದ ಜರ್ಮನ್ ಸಭೆಯದು. ಬಂದರಿನ ಗುಮಾಸ್ತನಿಗೆ ಪ್ರಯಾಣಿಕ ಅಪರಿಚಿತ, ನ್ಯಾಯಾಲಯದ ಗುಮಾಸ್ತನಿಗೆ ಜರ್ಮನಿಯ ಭೂಗೋಳವೇ ಅಪರಿಚಿತ. ಲುಥೆರನ್ ಪಾದ್ರಿಯಾದರೋ ಜರ್ಮನ್ ಬಲ್ಲವನು, ಅನೇಕ ವೇಳೆ ಅಲ್ಲಿಂದಲೇ ಬಂದವನು, ಆ ಕುಟುಂಬದೊಡನೆ ವರ್ಷಗಳ ಕಾಲ ಒಡನಾಡಿದವನು. ಆತನು ಮದುವೆ ಮತ್ತು ಶವಸಂಸ್ಕಾರದ ದಾಖಲೆಗಳಲ್ಲಿ ಹುಟ್ಟೂರನ್ನು ಅಕ್ಕರೆಯಿಂದ ಬರೆದಿಡುತ್ತಿದ್ದ. ನಮ್ಮವರ ಸಂಸ್ಕಾರದ ನಮೂದಿನಲ್ಲಿ 'ನೊಯೆನ್‌ಡಾರ್ಫ್, ಕ್ರೈಸ್ ಲಾವೆನ್‌ಬುರ್ಗ್, ಹಿಂಟರ್‌ಪೊಮ್ಮರ್ನ್' ಎಂದು ಸ್ಪಷ್ಟವಾಗಿತ್ತು. ಹಿಂಟರ್‌ಪೊಮ್ಮರ್ನ್ ಎಂದರೆ ಪ್ರಷ್ಯದ ಪೊಮೆರೇನಿಯ ಪ್ರಾಂತ್ಯದ ಪೂರ್ವ ಭಾಗ. ಎಲ್ಬ್ ನದಿಯ ದಡದಲ್ಲಿಯೂ ಒಂದು ಲಾವೆನ್‌ಬುರ್ಗ್ ಇರುವುದರಿಂದ, ಪಾದ್ರಿ ಪೊಮೆರೇನಿಯವನ್ನೂ ಸೇರಿಸಿ ಬರೆಯದೇ ಹೋಗಿದ್ದರೆ ನಾವು ಮತ್ತೆ ಅಡ್ಡದಾರಿ ಹಿಡಿಯುತ್ತಿದ್ದೆವು.

ಈ ದಾರಿಗೂ ತೊಡಕುಗಳಿವೆ. ಕುಟುಂಬ ಯಾವ ಸಭೆಗೆ ಸೇರಿತ್ತೆಂಬುದನ್ನು ಮೊದಲು ತಿಳಿಯಬೇಕು. ಇದಕ್ಕೆ ಮದುವೆಯ ಪ್ರಮಾಣಪತ್ರದಲ್ಲಿರುವ ಪಾದ್ರಿಯ ಹೆಸರು ನೆರವಾಗುತ್ತದೆ. ಪುಸ್ತಕಗಳು ಕೆಲವೆಡೆ ಸಭೆಯ ಕಪಾಟಿನಲ್ಲಿಯೇ ಇವೆ, ಕೆಲವೆಡೆ ಮೈಕ್ರೊಫಿಲ್ಮ್ ಆಗಿವೆ. ಬರವಣಿಗೆ ಕುರ್ರೆಂಟ್ ಎಂಬ ಹಳೆಯ ಜರ್ಮನ್ ಕೈಬರಹದ ಲಿಪಿಯದು. ಧಾರವಾಡ, ಬೆಳಗಾವಿ ಕಡೆಯ ಹಳೆಯ ಕಾಗದಗಳ ಮೋಡಿ ಲಿಪಿಯನ್ನು ಕಂಡವರಿಗೆ ಅದರ ಕಾಟ ಹೇಗಿರುತ್ತದೆಂದು ಹೇಳಬೇಕಾಗಿಲ್ಲ.

ಡಿಎನ್‌ಎ ಪರೀಕ್ಷೆಯ ಮೇಲೆ ಇಟ್ಟಿದ್ದ ನಿರೀಕ್ಷೆ ದೊಡ್ಡದು, ಬಂದ ಫಲ ಸಣ್ಣದು. ಅದು ತೋರಿಸಿದ ದೂರದ ಬಂಧುಗಳಲ್ಲಿ ಹೆಚ್ಚಿನವರು ನಮ್ಮಂತೆಯೇ ವಿಸ್ಕಾನ್ಸಿನ್, ಮಿನ್ನೆಸೋಟಗಳಲ್ಲಿ ಕುಳಿತು ಅದೇ ಊರನ್ನು ಹುಡುಕುತ್ತಿದ್ದವರು. ಸಿಕ್ಕ ಊರು ನಿಜವಾಗಿಯೂ ನಮ್ಮದೇ ಎಂದು ತಾಳೆ ನೋಡಲು ಡಿಎನ್‌ಎ ಉಪಯುಕ್ತ. ಊರನ್ನು ಕಂಡುಹಿಡಿಯಲು ಅದನ್ನೇ ನಂಬಿ ಹಣ ತೆರುವುದನ್ನು ನಾನು ಒಪ್ಪುವುದಿಲ್ಲ.

ಊರು ಗೊತ್ತಾದ ಮೇಲಿನ ಹಾದಿ ಪ್ರದೇಶವನ್ನು ಅವಲಂಬಿಸಿದೆ. ಕ್ಯಾಥೊಲಿಕ್ ಚರ್ಚುಗಳ ಪುಸ್ತಕಗಳಿಗೆ ಮಾಟ್ರಿಕುಲ ತಾಣ ಉಚಿತ, ಪ್ರಾಟೆಸ್ಟಂಟ್ ಚರ್ಚುಗಳಿಗೆ ಆರ್ಕಿಯೋನ್ ತಾಣಕ್ಕೆ ಚಂದಾ ಕೊಡಬೇಕು. ನಮ್ಮ ನೊಯೆನ್‌ಡಾರ್ಫ್ 1945ರ ನಂತರ ಪೋಲೆಂಡಿಗೆ ಸೇರಿ ಈಗ ನೋವಾ ವಿಯೆಶ್ ಲೆಂಬೊರ್ಸ್ಕಾ ಆಗಿದೆ. ಆದ್ದರಿಂದ ಪೋಲೆಂಡಿನ ಸರ್ಕಾರಿ ಪತ್ರಾಗಾರಗಳನ್ನೂ ಹುಡುಕಬೇಕಾಗುತ್ತದೆ. ಪ್ರಷ್ಯದಲ್ಲಿ ಸರ್ಕಾರಿ ನೋಂದಣಿ ಆರಂಭವಾದದ್ದು 1874ರ ಅಕ್ಟೋಬರ್ 1ರಂದು. ಅದಕ್ಕೂ ಮುಂಚೆ ಹೊರಟವರಿಗೆ ಆ ಕಡೆಯಲ್ಲೂ ಚರ್ಚಿನ ಪುಸ್ತಕವೇ ಗತಿ, ಆ ಪ್ರಾಂತ್ಯದ ಎಷ್ಟೋ ಪುಸ್ತಕಗಳು ಯುದ್ಧದಲ್ಲಿ ಕಳೆದುಹೋಗಿವೆ.

ಒಂದು ವರ್ಗದವರಿಗೆ ಮಾತ್ರ ನನ್ನ ಈ ಕ್ರಮ ಒಗ್ಗದು. 1848ರ ಕ್ರಾಂತಿ ಸೋತ ಮೇಲೆ ಮಿಲ್ವಾಕಿಗೆ ಬಂದ ಜರ್ಮನ್ನರಲ್ಲಿ ಚರ್ಚಿನ ಗೊಡವೆಯೇ ಬೇಡವೆಂದ ಮುಕ್ತಚಿಂತಕರು ಅನೇಕರಿದ್ದರು. ಅಂಥವರ ವಂಶಸ್ಥರು ಪಾದ್ರಿಯ ಪುಸ್ತಕವನ್ನು ಬಿಟ್ಟು, ನಗರದ ಜರ್ಮನ್ ಭಾಷೆಯ ಪತ್ರಿಕೆಗಳಲ್ಲಿ ಅಚ್ಚಾದ ನಿಧನವಾರ್ತೆಗಳನ್ನೂ ಟರ್ನರ್ ವ್ಯಾಯಾಮ ಸಂಘಗಳ ಸದಸ್ಯರ ಪಟ್ಟಿಗಳನ್ನೂ ಮೊದಲು ತೆರೆಯುವುದು ಒಳ್ಳೆಯದು.