ಜೆ-1 ಸ್ಪಾನ್ಸರ್ ಹುಡುಕಾಟ: ಕಂಪನಿ ದಾರಿಯೋ, ಲ್ಯಾಬ್ ದಾರಿಯೋ, ಬ್ರಿಟನ್ನಿನ ಲಾಟರಿಯೋ?

ಪರಿಸರ ವಿಜ್ಞಾನ ಓದಿದವರು ಅಮೆರಿಕದ ಕಂಪನಿಗೆ ಅರ್ಜಿ ಹಾಕುವಾಗ ಕೊನೆಯಲ್ಲಿ ಒಂದು ಪ್ರಶ್ನೆ ಕಾದಿರುತ್ತದೆ. ಈಗಾಗಲೀ ಮುಂದೆಯಾಗಲೀ ವೀಸಾ ಸ್ಪಾನ್ಸರ್‌ಶಿಪ್ ಬೇಕಾ? ಹೌದು ಅಂತ ಒತ್ತಿದರೆ ಹೆಚ್ಚಿನ ಕಡೆ ಕಥೆ ಅಲ್ಲಿಗೇ ಮುಗಿಯಿತು. ಅವರ ಪಾಲಿಗೆ ಸ್ಪಾನ್ಸರ್‌ಶಿಪ್ ಅಂದರೆ ಎಚ್-1ಬಿ, ಅಂದರೆ ಕಂಪನಿಯೇ ಅರ್ಜಿ ಹಾಕಿ ಮಾಡಿಸಬೇಕಾದ ಕೆಲಸದ ವೀಸಾ. ಸಾಫ್ಟ್‌ವೇರಿನವರಿಗಾದರೆ ಅದನ್ನು ಮಾಡಿಸಲು ದೊಡ್ಡ ಕಂಪನಿಗಳಿವೆ. ಕೆರೆ ನೀರು, ಮಣ್ಣು, ಗಾಳಿ ಅಳೆಯುವ ನಮಗೆ ಅಂಥವರು ಸಿಗುವುದು ಕಷ್ಟ. 2025ರ ಸೆಪ್ಟೆಂಬರ್‌ನಲ್ಲಿ ಹೊಸ ಎಚ್-1ಬಿ ಅರ್ಜಿಗೆ 1,00,000 ಡಾಲರ್ ಕಟ್ಟಬೇಕೆಂಬ ಆದೇಶ ಬಂದ ಮೇಲಂತೂ ಕೇಳುವುದೇ ಬೇಡ.

ಉಳಿದದ್ದು ಜೆ-1, ಅಂದರೆ ವಿನಿಮಯ ವೀಸಾ. ಇದರ ಬೇರು 1961ರ ಒಂದು ಕಾಯ್ದೆಯಲ್ಲಿದೆ. ಇಲ್ಲಿ ಕೆಲಸ ಕೊಡುವವರು ವಲಸೆ ಇಲಾಖೆಗೆ ಅರ್ಜಿ ಹಾಕಬೇಕಾಗಿಲ್ಲ. ಅಮೆರಿಕದ ವಿದೇಶಾಂಗ ಇಲಾಖೆ ಮಾನ್ಯ ಮಾಡಿದ ಸ್ಪಾನ್ಸರ್ ಸಂಸ್ಥೆಯೊಂದು ಡಿಎಸ್-2019 ಎಂಬ ಪತ್ರ ಕೊಡಬೇಕು. ಅದನ್ನು ಹಿಡಿದು ನೀವು ಸಂದರ್ಶನಕ್ಕೆ ಹೋಗುತ್ತೀರಿ. ಆ ಪತ್ರ ಯಾರು ಕೊಡುತ್ತಾರೆ ಅನ್ನುವುದರ ಮೇಲೆ ಇಡೀ ಹುಡುಕಾಟದ ಸ್ವರೂಪವೇ ಬದಲಾಗುತ್ತದೆ. ನಾನು ಎರಡು ಬಗೆಯಲ್ಲೂ ಪ್ರಯತ್ನಿಸಿದೆ. ನಡುವೆ ಬ್ರಿಟನ್ನಿನ ಕಡೆಗೂ ಒಂದು ಕಲ್ಲು ಎಸೆದೆ.

ಮೊದಲು ಟ್ರೈನಿ ದಾರಿ, ಅಂದರೆ ಕಂಪನಿಯೊಂದರಲ್ಲಿ ತರಬೇತಿ. ಪದವಿ, ಅದರ ಜೊತೆಗೆ ಅಮೆರಿಕದ ಹೊರಗೆ ಅದೇ ಕ್ಷೇತ್ರದಲ್ಲಿ ಕನಿಷ್ಠ 1 ವರ್ಷದ ಅನುಭವ ಇದ್ದರೆ 18 ತಿಂಗಳವರೆಗೆ ಹೋಗಬಹುದು. ಇನ್ನೂ ಓದುತ್ತಿರುವವರು, ಓದು ಮುಗಿಸಿ 12 ತಿಂಗಳಾಗದವರು ಇಂಟರ್ನ್ ಆಗಿ 12 ತಿಂಗಳವರೆಗೆ ಹೋಗಬಹುದು. ನಾನು ಬೆಂಗಳೂರಿನ ಒಂದು ಲ್ಯಾಬಿನಲ್ಲಿ ಕೆರೆ ನೀರಿನ ಬಿಒಡಿ, ಸಿಒಡಿ (ನೀರಿನ ಕೊಳೆಗೆ ಎಷ್ಟು ಆಮ್ಲಜನಕ ಬೇಕು ಅನ್ನುವ ಅಳತೆಗಳು), ರಂಜಕ (ಫಾಸ್ಫರಸ್) ಅಂತ ಅಳೆಯುತ್ತಿದ್ದೆ. ಹಾಗಾಗಿ ಕಾಗದದ ಮೇಲೆ ಎಲ್ಲ ಸರಿಯಾಗಿತ್ತು.

ತೊಡಕು ಇರುವುದು ಕಂಪನಿಯ ಕಡೆ. ಟ್ರೈನಿ ವಿಭಾಗದ ಸ್ಪಾನ್ಸರ್‌ಗಳು ಸಾಮಾನ್ಯವಾಗಿ ಕೆಲಸ ಹುಡುಕಿ ಕೊಡುವುದಿಲ್ಲ. ಮೊದಲು ನೀವು ಹೋಸ್ಟ್ ಕಂಪನಿ, ಅಂದರೆ ತರಬೇತಿ ಕೊಡುವ ಕಂಪನಿ ಹಿಡಿಯಬೇಕು. ಆಮೇಲೆ ಕಂಪನಿಯವರು, ನೀವು, ಸ್ಪಾನ್ಸರ್ ಮೂವರೂ ಡಿಎಸ್-7002 ಎಂಬ ತರಬೇತಿ ಯೋಜನೆಗೆ ಸಹಿ ಹಾಕಬೇಕು. ಯಾವ ಹಂತದಲ್ಲಿ ಏನು ಕಲಿಸುತ್ತಾರೆ, ಯಾರು ಕಲಿಸುತ್ತಾರೆ, ಕಲಿತದ್ದನ್ನು ಹೇಗೆ ಅಳೆಯುತ್ತಾರೆ, ಎಲ್ಲ ಅದರಲ್ಲಿ ಇರಬೇಕು. ಗುಮಾಸ್ತಗಿರಿ ಶೇ 20ಕ್ಕಿಂತ ಜಾಸ್ತಿ ಇರುವಂತಿಲ್ಲ. ಅಮೆರಿಕದವರು ಮಾಡುತ್ತಿದ್ದ ಕೆಲಸಕ್ಕೆ ನಿಮ್ಮನ್ನು ಕೂರಿಸುವಂತಿಲ್ಲ.

ಪರಿಸರ ಕನ್ಸಲ್ಟಿಂಗ್ ಕಂಪನಿಗಳು ನಡೆಯುವುದು ಗಂಟೆ ಲೆಕ್ಕದಲ್ಲಿ. ಪ್ರತಿ ಗಂಟೆಯೂ ಯಾವುದೋ ಗ್ರಾಹಕರ ಬಿಲ್ಲಿಗೆ ಹೋಗಬೇಕು. ಹಳೆ ಪೆಟ್ರೋಲ್ ಬಂಕ್ ಜಾಗದ ಅಂತರ್ಜಲ ಮಾದರಿ ತೆಗೆಯುವುದು, ಜೌಗು ನೆಲದ ಗಡಿ ಗುರುತಿಸುವುದು, ವರದಿ ಬರೆಯುವುದು, ಎಲ್ಲಕ್ಕೂ ಬಿಲ್. ಅಂಥ ಮ್ಯಾನೇಜರಿಗೆ 'ಈ ಮನುಷ್ಯ ಕಲಿಯಲು ಬರುತ್ತಾನೆ, ವಿಭಾಗದಿಂದ ವಿಭಾಗಕ್ಕೆ ಓಡಾಡಿಸಬೇಕು' ಅಂತ ಹೇಳಿದರೆ ಉತ್ಸಾಹ ಇಳಿಯುತ್ತದೆ. ನನ್ನ ಜೊತೆ ಚೆನ್ನಾಗಿಯೇ ಮಾತಾಡಿದ ಒಂದು ಕಂಪನಿ ಯೋಜನೆಯ ಫಾರ್ಮ್ ನೋಡಿದ ಮೇಲೆ ಉತ್ತರ ಕೊಡುವುದನ್ನೇ ನಿಲ್ಲಿಸಿತು. ಇನ್ನೊಂದು ಚಿಕ್ಕ ಕಂಪನಿ ಒಪ್ಪಿತ್ತು. ಆದರೆ 25ಕ್ಕಿಂತ ಕಡಿಮೆ ನೌಕರರಿದ್ದರೆ, ಇಲ್ಲವೇ ವಾರ್ಷಿಕ ಆದಾಯ 30 ಲಕ್ಷ ಡಾಲರಿಗಿಂತ ಕಡಿಮೆ ಇದ್ದರೆ, ಮೊದಲ ಸಲ ಟ್ರೈನಿ ತೆಗೆದುಕೊಳ್ಳುವಾಗ ಸ್ಪಾನ್ಸರ್ ಕಡೆಯವರು ಬಂದು ಜಾಗ ನೋಡಬೇಕು. ಅದು ಗೊತ್ತಾದದ್ದೇ ತಡ, 'ಮುಂದಿನ ವರ್ಷ ನೋಡೋಣ' ಅಂದರು.

ಏಜೆಂಟರ ವಿಷಯವನ್ನೂ ಹೇಳಿಬಿಡುತ್ತೇನೆ. ಬೆಂಗಳೂರಿನ ಒಂದು ಏಜೆನ್ಸಿ ಸ್ಪಾನ್ಸರ್, ಹೋಸ್ಟ್ ಎರಡನ್ನೂ ಒಟ್ಟಿಗೆ ಕೊಡಿಸುತ್ತೇವೆ ಅಂದಿತು. ಕೊನೆಗೆ ಅವರು ತಂದದ್ದು ಫ್ಲೋರಿಡಾದ ಹೋಟೆಲ್ ಕೆಲಸ! ಎಂಎಸ್ಸಿ ಪರಿಸರ ವಿಜ್ಞಾನ, ಕೆಲಸ ಅಡುಗೆಮನೆಯಲ್ಲಿ. ತರಬೇತಿ ನಿಮ್ಮ ಓದಿನ, ಅನುಭವದ ಕ್ಷೇತ್ರದಲ್ಲೇ ಇರಬೇಕು ಅನ್ನುವುದು ನಿಯಮ. ಜೊತೆಗೆ, ಪ್ರತಿ ಸ್ಪಾನ್ಸರ್‌ಗೂ ಇಂತಿಂಥ ಕ್ಷೇತ್ರಗಳಿಗೆ ಮಾತ್ರ ಅನುಮತಿ ಇರುತ್ತದೆ. ನಿಮ್ಮದು ವಿಜ್ಞಾನ, ಎಂಜಿನಿಯರಿಂಗ್ ವಿಭಾಗದಲ್ಲಿ ಬರಬಹುದು, ಅರಣ್ಯ ಅಥವಾ ಕೃಷಿಯಲ್ಲೂ ಬರಬಹುದು. ಕೃಷಿಯಾದರೆ 18 ತಿಂಗಳು 12ಕ್ಕೆ ಇಳಿಯುತ್ತದೆ. ದುಡ್ಡು ಕಟ್ಟುವ ಮೊದಲು ಸ್ಪಾನ್ಸರ್‌ಗೇ ಬರೆದು ಇದನ್ನು ಕೇಳಿಕೊಳ್ಳಿ.

ಎರಡನೆಯದು ವಿಶ್ವವಿದ್ಯಾಲಯದ ಲ್ಯಾಬ್. ನಾನು ಕೊನೆಗೆ ಬಂದದ್ದು ಇದೇ ದಾರಿಯಲ್ಲಿ. ಇಲ್ಲಿ ದೊಡ್ಡ ಅನುಕೂಲ ಏನೆಂದರೆ ವಿಶ್ವವಿದ್ಯಾಲಯವೇ ಸ್ಪಾನ್ಸರ್. ಪ್ರೊಫೆಸರ್ ಹೂಂ ಅಂದರೆ ಸಾಕು, ಅವರದೇ ಅಂತರರಾಷ್ಟ್ರೀಯ ಕಚೇರಿ ಡಿಎಸ್-2019 ಮಾಡಿಕೊಡುತ್ತದೆ. ತರಬೇತಿ ಯೋಜನೆಯ ಫಾರ್ಮ್ ಇಲ್ಲ, ಮೂರನೆಯವರ ಭೇಟಿ ಇಲ್ಲ. ಪದವಿ ಪತ್ರ, ಖರ್ಚಿಗೆ ಹಣ ಎಲ್ಲಿಂದ ಅನ್ನುವ ದಾಖಲೆ, ಇಂಗ್ಲಿಷ್ ಬರುತ್ತದೆ ಅನ್ನುವುದಕ್ಕೆ ಒಂದು ವಿಡಿಯೋ ಮಾತುಕತೆ, ಇಷ್ಟು ಕೇಳಿದರು. ರಿಸರ್ಚ್ ಸ್ಕಾಲರ್ ವಿಭಾಗದಲ್ಲಿ 5 ವರ್ಷದವರೆಗೆ ಇರಬಹುದು. ಶಾರ್ಟ್ ಟರ್ಮ್ ಸ್ಕಾಲರ್ ಆದರೆ 6 ತಿಂಗಳು. ಪಿಎಚ್‌ಡಿ ಇದ್ದವರಿಗಷ್ಟೇ ಅಂತ ಬಹಳ ಜನ ಅಂದುಕೊಂಡಿದ್ದಾರೆ. ನಿಯಮದಲ್ಲಿ ಹಾಗಿಲ್ಲ, ಪ್ರತಿ ವಿಶ್ವವಿದ್ಯಾಲಯ ತನ್ನದೇ ಮಟ್ಟ ಇಟ್ಟುಕೊಂಡಿರುತ್ತದೆ.

ಕಷ್ಟ ಇರುವುದು ಪ್ರೊಫೆಸರ್ ಹೂಂ ಅನ್ನುವುದರಲ್ಲಿ. 'ನಿಮ್ಮ ಲ್ಯಾಬಿನಲ್ಲಿ ಅವಕಾಶ ಇದೆಯೇ' ಅಂತ ಬರೆದ ಮೇಲ್‌ಗಳಿಗೆ ಯಾರೂ ಉತ್ತರಿಸಲಿಲ್ಲ. ಕೆಲಸ ಮಾಡಿದ್ದು ಬೇರೆ ಬಗೆಯ ಮೇಲ್. ಅಮೆರಿಕ-ಕೆನಡಾ ಗಡಿಯ ಈರಿ ಸರೋವರದಲ್ಲಿ ಪ್ರತಿ ಬೇಸಿಗೆ ನೀಲಿ-ಹಸಿರು ಪಾಚಿ ಏಳುತ್ತದೆ. ಮಾಮಿ ನದಿ ಹೊತ್ತು ತರುವ ಹೊಲಗಳ ರಂಜಕ ಅದಕ್ಕೆ ಮುಖ್ಯ ಕಾರಣ. ಆ ಪಾಚಿಯ ವಿಷದಿಂದಾಗಿ 2014ರ ಆಗಸ್ಟ್‌ನಲ್ಲಿ ದಡದ ಟೊಲೆಡೊ ನಗರದ ಸುತ್ತಮುತ್ತಲಿನ 4 ಲಕ್ಷಕ್ಕೂ ಹೆಚ್ಚು ಜನರಿಗೆ ನಲ್ಲಿ ನೀರು ಕುಡಿಯಬೇಡಿ ಅಂತ ಹೇಳಬೇಕಾಯಿತು. ನಮ್ಮ ಬೆಂಗಳೂರಿನ ಬೆಳ್ಳಂದೂರು ಕೆರೆಗೆ ರಂಜಕ ಬರುವುದು ಚರಂಡಿಯಿಂದ, ಆ ಕೊಳಚೆಯ ಸಾಬೂನು ನೊರೆಯಾಗಿ ರಸ್ತೆಗೂ ಹಾರಿದ್ದುಂಟು. ಆದರೆ ಮೇಲಿಂದ ಬರುವುದನ್ನು ತಡೆದರೂ ತಳದ ಕೆಸರು ಹಳೆಯ ರಂಜಕವನ್ನು ಮತ್ತೆ ನೀರಿಗೆ ಬಿಡುತ್ತದಲ್ಲ, ಆ ಪ್ರಶ್ನೆ ಎರಡೂ ಕಡೆ ಇದೆ. ಅದರ ಮೇಲೆ ಅರ್ಧ ಪುಟ ಬರೆದೆ. ನಾನು ಯಾವ ಉಪಕರಣ ನಡೆಸಬಲ್ಲೆ ಅಂತ ಎರಡು ಸಾಲು ಸೇರಿಸಿದೆ. ಉತ್ತರ ಬರತೊಡಗಿದವು.

ಬಂದ ಉತ್ತರಗಳಲ್ಲಿ ಅರ್ಧಕ್ಕರ್ಧ 'ಬನ್ನಿ, ಆದರೆ ಹಣ ನಿಮ್ಮದೇ' ಅನ್ನುವಂಥವು. ಅಂಥವನ್ನು ಬಿಟ್ಟುಬಿಡಿ ಅನ್ನುತ್ತೇನೆ ನಾನು. ಸ್ವಂತ ಖರ್ಚಿನಲ್ಲಿ ಬರುವವರಿಂದ ಶುಲ್ಕ ಕೇಳುವ ವಿಶ್ವವಿದ್ಯಾಲಯಗಳೂ ಇವೆ. ಸಂಬಳ ಕೊಡುತ್ತೇವೆ ಅಂದವರನ್ನೂ ಅದು ಯಾವ ಅನುದಾನ, ಎಲ್ಲಿಯವರೆಗೆ ಅಂತ ಕೇಳಲೇಬೇಕು. 2025ರಲ್ಲಿ ಅಮೆರಿಕದ ಕೇಂದ್ರ ಸರ್ಕಾರದ ಎಷ್ಟೋ ಅನುದಾನಗಳು ನಡುವೆಯೇ ರದ್ದಾದವು. ಪರಿಸರ ಸಂರಕ್ಷಣಾ ಸಂಸ್ಥೆ ಇಪಿಎ ತನ್ನ ಸಂಶೋಧನಾ ವಿಭಾಗವನ್ನೇ ಮುಚ್ಚುವುದಾಗಿ ಹೇಳಿತು. ಈ ಪ್ರಶ್ನೆ ಕೇಳಿದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಬ್ರಿಟನ್ನಿನದು ಚುಟುಕಾಗಿ. ಇಂಡಿಯಾ ಯಂಗ್ ಪ್ರೊಫೆಷನಲ್ಸ್ ಸ್ಕೀಮ್‌ಗೆ ಸ್ಪಾನ್ಸರೇ ಬೇಡ. 18ರಿಂದ 30 ವಯಸ್ಸು, ಪದವಿ, ಬ್ಯಾಂಕಿನಲ್ಲಿ 2,530 ಪೌಂಡ್ ಇದ್ದರೆ ಲಾಟರಿಗೆ ಹೆಸರು ಹಾಕಬಹುದು. ಹೆಸರು ಹಾಕಲು ದುಡ್ಡು ಕಟ್ಟಬೇಕಾಗಿಲ್ಲ. ಲಾಟರಿಯಲ್ಲಿ ಹೆಸರು ಬಂದರೆ 2 ವರ್ಷ ಯಾವ ಕಂಪನಿಯಲ್ಲಾದರೂ ಕೆಲಸ. ಆದರೆ ವೀಸಾ ಶುಲ್ಕದ ಮೇಲೆ ವರ್ಷಕ್ಕೆ 776 ಪೌಂಡ್ ಆರೋಗ್ಯ ಶುಲ್ಕ ಕಟ್ಟಬೇಕು. ವರ್ಷಕ್ಕೆ ಇಡೀ ಭಾರತಕ್ಕೆ 3,000 ಜಾಗ. ನನ್ನ ಹೆಸರು ಬರಲಿಲ್ಲ. ವಯಸ್ಸಿದ್ದವರು ಸುಮ್ನೆ ಹಾಕಿಡಿ, ಅದನ್ನೇ ನಂಬಿ ಕೂರಬೇಡಿ.

ಮತ್ತೆ ಅಮೆರಿಕಕ್ಕೆ ಬಂದರೆ, ಸರ್ಕಾರಿ ಹಣದ ಫುಲ್‌ಬ್ರೈಟ್-ಕಲಾಂ ಹವಾಮಾನ ಫೆಲೋಶಿಪ್‌ಗೆ ನಾನು ಹಾಕಲಿಲ್ಲ. ಪಿಎಚ್‌ಡಿ ಮಾಡುತ್ತಿರುವವರಿಗೆ ಅದು ಎಲ್ಲಕ್ಕಿಂತ ಒಳ್ಳೆಯದು, ಯಾಕೆಂದರೆ ಹಣವೂ ಸ್ಪಾನ್ಸರೂ ಒಟ್ಟಿಗೇ ಬರುತ್ತವೆ. ಆದರೆ ಸರ್ಕಾರದ ಹಣದಲ್ಲಿ ಹೋದವರು ಮುಗಿದ ಮೇಲೆ 2 ವರ್ಷ ಊರಿಗೆ ಬಂದು ಇರಬೇಕು. ಅದಾಗದೆ ಎಚ್-1ಬಿ, ಗ್ರೀನ್ ಕಾರ್ಡ್ ಸಿಗುವುದಿಲ್ಲ. ಮೊದಲು ಕೌಶಲ ಪಟ್ಟಿಯ (ಯಾವ ದೇಶಕ್ಕೆ ಯಾವ ಕೌಶಲದವರು ಬೇಕು ಅಂತ ಅಮೆರಿಕ ಮಾಡಿದ ಪಟ್ಟಿ) ಕಾರಣಕ್ಕೆ ಭಾರತದ ಬೇರೆ ಎಷ್ಟೋ ಜೆ-1ನವರಿಗೂ ಈ ಕಟ್ಟು ಇತ್ತು. 2024ರ ಡಿಸೆಂಬರ್‌ನಲ್ಲಿ ಆ ಪಟ್ಟಿಯಿಂದ ಭಾರತವನ್ನು ತೆಗೆದರು. ಹಳೆಯ ಲೇಖನ ಓದಿ ಹೆದರಿದವರಿಗೆ ಈ ಮಾತು.

ಖರ್ಚಿನಲ್ಲಿ ಲ್ಯಾಬ್ ದಾರಿಯೇ ಹಗುರ. ಸೆವಿಸ್ (ವಿದ್ಯಾರ್ಥಿಗಳ, ವಿನಿಮಯದವರ ಸರ್ಕಾರಿ ದಾಖಲೆ ವ್ಯವಸ್ಥೆ) ಶುಲ್ಕ 220 ಡಾಲರ್, ವೀಸಾ ಶುಲ್ಕ 185 ಡಾಲರ್ ಎರಡು ದಾರಿಗೂ ಇದೆ. ಟ್ರೈನಿಯಾದರೆ ಇದರ ಮೇಲೆ ಸ್ಪಾನ್ಸರ್ ಶುಲ್ಕ ಸಾವಿರ ಡಾಲರ್ ದಾಟುವುದು ಮಾಮೂಲು. ವಿಮೆ ಇಬ್ಬರಿಗೂ ಕಡ್ಡಾಯ, ಒಂದು ಕಾಯಿಲೆಗೆ ಕನಿಷ್ಠ 1,00,000 ಡಾಲರ್ ಕೊಡುವಂಥದ್ದು ಇರಬೇಕು. ಸಂದರ್ಶನಕ್ಕೆ ಮೊದಲು ನಿಮ್ಮ ಸೋಷಿಯಲ್ ಮೀಡಿಯಾ ಖಾತೆಗಳನ್ನು ಎಲ್ಲರಿಗೂ ಕಾಣುವಂತೆ ಇಡಲು ಹೇಳುತ್ತಾರೆ. ಇದು 2025ರ ಜೂನ್‌ನಿಂದ ಬಂದ ನಿಯಮ.

ಹಾಗಾದರೆ ಟ್ರೈನಿ ದಾರಿ ಯಾರಿಗೆ? ಮಾಲಿನ್ಯ ತೆಗೆಯುವ ಕೆಲಸವನ್ನೇ ಕಲಿತು ಬಂದು ಭಾರತದಲ್ಲಿ ಕನ್ಸಲ್ಟೆನ್ಸಿ ನಡೆಸಬೇಕು ಅನ್ನುವವರಿಗೆ. ಅದರಲ್ಲೂ ಈಗ ಕೆಲಸ ಮಾಡುತ್ತಿರುವ ಕಂಪನಿಗೆ ಅಮೆರಿಕದಲ್ಲಿ ಶಾಖೆ ಇದ್ದವರಿಗೆ. ಒಳಗಿನವರೇ ಹೋಸ್ಟ್ ಆದರೆ ನಾನು ಹೇಳಿದ ಅರ್ಧ ತೊಡಕು ಇರುವುದೇ ಇಲ್ಲ. ಉಳಿದವರು ಲ್ಯಾಬ್ ಹಿಡಿಯಿರಿ.

ಎರಡನ್ನೂ ಒಂದಾದ ಮೇಲೊಂದು ಮಾಡುತ್ತೇನೆ ಅನ್ನುವವರು ಮಾತ್ರ ಕ್ರಮ ನೋಡಿಕೊಳ್ಳಿ. ಟ್ರೈನಿಯಾಗಿ 6 ತಿಂಗಳಿಗಿಂತ ಹೆಚ್ಚು ಇದ್ದು ಮುಗಿಸಿದರೆ, 12 ತಿಂಗಳು ಕಳೆಯುವವರೆಗೆ ರಿಸರ್ಚ್ ಸ್ಕಾಲರ್ ಆಗಿ ಶುರು ಮಾಡುವಂತಿಲ್ಲ. ರಿಸರ್ಚ್ ಸ್ಕಾಲರ್ ಅವಧಿ ಮುಗಿಸಿದವರು ಅದೇ ವಿಭಾಗಕ್ಕೆ ಮತ್ತೆ ಬರಲು 24 ತಿಂಗಳು ಕಾಯಬೇಕು. ಒಂದು ಸೆಮಿಸ್ಟರಿಗಷ್ಟೇ ಕರೆಯುವ ಪ್ರೊಫೆಸರಿಗೆ ಶಾರ್ಟ್ ಟರ್ಮ್ ಸ್ಕಾಲರ್ ಪತ್ರವನ್ನೇ ಕೊಡಿ ಅಂತ ಕೇಳಿ, ಅದಕ್ಕೆ ಈ ಎರಡು ತಡೆಗಳೂ ಇಲ್ಲ.