ನಾಯಿಗೆ ಸೇಬು, ಬಾಳೆಹಣ್ಣು, ಕಲ್ಲಂಗಡಿ: ಯಾವಾಗ ಯಾವುದು?

ಅಪರೂಪಕ್ಕೊಮ್ಮೆ ಕೊಡುವುದಾದರೆ ಮೂರೂ ಸುರಕ್ಷಿತವೇ. ಆದರೆ ಇಂಥ ತಿನಿಸುಗಳೆಲ್ಲ ಸೇರಿ ನಾಯಿಯ ದಿನದ ಕ್ಯಾಲೊರಿಯ ಶೇ. 10ನ್ನು ಮೀರಬಾರದು. 100 ಗ್ರಾಂ ಬಾಳೆಹಣ್ಣಿನಲ್ಲಿ ಸುಮಾರು 89, ಸೇಬಿನಲ್ಲಿ 52, ಕಲ್ಲಂಗಡಿಯಲ್ಲಿ 30 ಕ್ಯಾಲೊರಿ ಇರುವುದರಿಂದ, ತೂಕ ಹೆಚ್ಚಿರುವ ನಾಯಿಗೆ ಬೀಜ, ಸಿಪ್ಪೆ ತೆಗೆದ ಕಲ್ಲಂಗಡಿಯೇ ಮೇಲು. ಸಿದ್ಧತೆಯ ಸುಲಭದಲ್ಲಿ ಬಾಳೆಹಣ್ಣಿಗೆ ಸಾಟಿಯಿಲ್ಲ: ಸುಲಿದರೆ ಮುಗಿಯಿತು, ಹಲ್ಲಿಲ್ಲದ ಮುದಿ ನಾಯಿಯೂ ತಿನ್ನಬಲ್ಲದು, ಮಾತ್ರೆಯನ್ನು ಅದರೊಳಗೆ ಅಡಗಿಸಲೂಬಹುದು. ಅಗಿಯುವ ಚಪಲದ ನಾಯಿಗೆ ಸೇಬು ಒಪ್ಪುತ್ತದೆ. ಆದರೆ ಅದರ ಬೀಜದಲ್ಲಿ ಸಯನೈಡ್ ಬಿಡುಗಡೆ ಮಾಡುವ ಅಮಿಗ್ಡಲಿನ್ ಇರುವುದರಿಂದಲೂ, ಗಟ್ಟಿಯಾದ ನಡುಭಾಗವು ಗಂಟಲಲ್ಲಿ ಸಿಕ್ಕಿಕೊಳ್ಳಬಹುದಾದ್ದರಿಂದಲೂ ಬೀಜ, ನಡುಭಾಗ ಎರಡನ್ನೂ ಪೂರ್ತಿ ತೆಗೆದು, ಸೇಬನ್ನು ಸಣ್ಣದಾಗಿ ಹೆಚ್ಚಿ ಕೊಡಬೇಕು. ಮಧುಮೇಹವಿರುವ ನಾಯಿಗೆ ಯಾವುದನ್ನೇ ಆಗಲಿ ಪಶುವೈದ್ಯರನ್ನು ಕೇಳಿಯೇ ಕೊಡುವುದು ಸರಿ. ದ್ರಾಕ್ಷಿ, ಒಣದ್ರಾಕ್ಷಿಗಳಿಗಂತೂ ಈ ಸಾಲಿನಲ್ಲಿ ಜಾಗವೇ ಇಲ್ಲ; ಅಲ್ಪ ಪ್ರಮಾಣದಲ್ಲೂ ಅವು ನಾಯಿಯ ಮೂತ್ರಪಿಂಡವನ್ನು ಕೆಡಿಸಬಲ್ಲವು.