ವಿಧಾನಸಭೆಯ ಗ್ಯಾಲರಿ: ಟಿವಿಯಲ್ಲಿ ಕಾಣದ ಅರ್ಧ ಇಲ್ಲಿ ಕಾಣುತ್ತದೆ

ಕೂತು ಹತ್ತು ನಿಮಿಷ ಆಗಿರಲಿಲ್ಲ, ಚಿಕ್ಕಪ್ಪ ನನ್ನ ಮೊಣಕೈ ತಿವಿದರು. "ಅಲ್ನೋಡೋ, ಚೀಟಿ."

ಕೆಳಗೆ ಒಬ್ಬ ಶಾಸಕರು ಕೆರೆ ತುಂಬಿಸುವ ಯೋಜನೆ ಬಗ್ಗೆ ಉಪಪ್ರಶ್ನೆ ಕೇಳುತ್ತಿದ್ದರು. ಸಚಿವರು ಕಿವಿಗೆ ಹೆಡ್‌ಫೋನ್ ಒತ್ತಿಕೊಂಡು ಕೇಳುತ್ತಿದ್ದರು. ಅಷ್ಟರಲ್ಲಿ ಪಕ್ಕದ ಅಧಿಕಾರಿಗಳ ಗ್ಯಾಲರಿಯಲ್ಲಿ ಒಬ್ಬರು ಫೈಲ್ ತೊಡೆಯ ಮೇಲಿಟ್ಟುಕೊಂಡು ಏನೋ ಗೀಚಿ, ಹಾಳೆ ಮಡಚಿ ದಲಾಯತ್ (ಸದನದ ಜವಾನ) ಕೈಗೆ ಕೊಟ್ಟರು. ಅವರು ಬೆನ್ನು ಬಗ್ಗಿಸಿಕೊಂಡು ಸರಸರ ಹೋಗಿ ಅದನ್ನು ಸಚಿವರ ಮೇಜಿನ ಮೇಲಿಟ್ಟರು. ಸಚಿವರು ಎದ್ದು ನಿಂತು ಚೀಟಿ ಮೇಲೆ ಒಮ್ಮೆ ಕಣ್ಣಾಡಿಸಿ, ತಮಗೆ ಮೊದಲಿಂದಲೂ ಗೊತ್ತಿತ್ತು ಅನ್ನುವ ಹಾಗೆ ಅಂಕಿಅಂಶ ಹೇಳಿದರು. ಟಿವಿಯಲ್ಲಾದರೆ ನಮಗೆ ಕಾಣುತ್ತಿದ್ದದ್ದು ಸಚಿವರ ಮುಖ ಅಷ್ಟೇ, ಅಲ್ವಾ.

ಈ ರಿವ್ಯೂ ಬರೆಯೋಕೆ ಅದೇ ಕಾರಣ. ವಿಧಾನಸಭೆ ಕಲಾಪ ಆನ್‌ಲೈನ್‌ನಲ್ಲಿ ಲೈವ್ ಬರುತ್ತದೆ, ಮನೇಲೇ ಕೂತು ನೋಡಬಹುದು, ಹಾಗಿದ್ದ ಮೇಲೆ ಅಲ್ಲಿವರೆಗೂ ಯಾಕೆ ಹೋಗಬೇಕು ಅಂತ ನಾನೂ ಅಂದುಕೊಂಡಿದ್ದೆ. ಕ್ಯಾಮೆರಾ ಎದ್ದು ನಿಂತವರನ್ನು ಮಾತ್ರ ತೋರಿಸುತ್ತದೆ. ಸಭೆ ನಡೆಯೋದು ಕೂತವರಿಂದ. ಅದು ಕಾಣೋದು ಗ್ಯಾಲರಿಯಿಂದಲೇ.

ಮೊದಲು ಒಳಗೆ ಹೋಗುವ ಕಥೆ. ಮೊದಲ ಸಲ ನಾನು ಮ್ಯೂಸಿಯಂಗೆ ಹೋಗುವ ಹಾಗೆ ಮೆಟ್ರೋದಲ್ಲಿ ಅಂಬೇಡ್ಕರ್ ವಿಧಾನಸೌಧ ಸ್ಟೇಷನ್ನಿಗೆ ಬಂದಿಳಿದು, ಗೇಟಿನ ಹತ್ತಿರ ನಿಂತು "ಟಿಕೆಟ್ ಎಲ್ಲಿ ಕೊಡ್ತಾರೆ" ಅಂತ ಕೇಳಿದೆ. ಟಿಕೆಟ್ ಇಲ್ಲ, ಪಾಸ್ ಬೇಕು. ತಪ್ಪು ಪೂರ್ತಿ ನನ್ನದೇ, ವಿಚಾರಿಸಿಕೊಂಡು ಹೋಗಿರಲಿಲ್ಲ. ಎರಡನೇ ಸಲ ನಮ್ಮ ಕ್ಷೇತ್ರದ ಶಾಸಕರ ಕಚೇರಿಯಿಂದ ಪತ್ರ ತೆಗೆದುಕೊಂಡು, ಆಧಾರ್ ಕಾರ್ಡ್ ಜೇಬಲ್ಲಿಟ್ಟುಕೊಂಡು, ತಿಪಟೂರು ಕಡೆಯ ಚಿಕ್ಕಪ್ಪನನ್ನೂ ಜೊತೆಗೆ ಕರೆದುಕೊಂಡು ಹೋದೆ. ಅವರು ತೆಂಗಿನ ತೋಟ ಬಿಟ್ಟು ಬೆಂಗಳೂರಿಗೆ ಬರೋದೇ ವರ್ಷಕ್ಕೊಂದು ಸಲ, ಅದರಲ್ಲೂ ವಿಧಾನಸೌಧ ಅಂದರೆ ಹೊರಗಿನಿಂದ ಫೋಟೋ ತೆಗೆಸಿಕೊಂಡಿದ್ದು ಮಾತ್ರ. ಫೋನ್ ಒಳಗೆ ಬಿಡಲ್ಲ. ಮೂರು ಗಂಟೆ ಫೋನ್ ಇಲ್ಲದೆ ಕೂತಿದ್ದೆ, ಏನೂ ಆಗಲಿಲ್ಲ.

ಇನ್ನೊಂದು ಮಾತು, 2025ರಲ್ಲಿ ವಿಧಾನಸೌಧ ನೋಡೋಕೆ ಗೈಡೆಡ್ ಟೂರ್ ಶುರುವಾಗಿದೆ. ಅದು ಬೇರೆ, ಇದು ಬೇರೆ. ಅಲ್ಲಿ ನೋಡೋದು ಕೆಂಗಲ್ ಹನುಮಂತಯ್ಯನವರ ಕಾಲದ ಕಟ್ಟಡವನ್ನು, 1951ರಲ್ಲಿ ನೆಹರೂ ಅಡಿಗಲ್ಲು ಹಾಕಿದ ಕಲ್ಲಿನ ಸೌಧವನ್ನು. ಅದೂ ಚೆನ್ನಾಗಿದೆ ಅನ್ನಿ. ಆದರೆ ಜಾತ್ರೆ ಇಲ್ಲದ ದಿನ ದೇವಸ್ಥಾನಕ್ಕೆ ಹೋದ ಹಾಗೆ. ಅಧಿವೇಶನ ನಡೆಯುವಾಗ ಹೋಗೋದೇ ಸರಿ.

ಈಗ ಮೇಲಿನಿಂದ ಏನು ಕಾಣುತ್ತದೆ ಅಂತ ಹೇಳುತ್ತೇನೆ. ಎದುರಿಗೆ ಎತ್ತರದಲ್ಲಿ ಸಭಾಧ್ಯಕ್ಷರ ಪೀಠ. ಅವರ ಬಲಕ್ಕೆ ಆಡಳಿತ ಪಕ್ಷ, ಎಡಕ್ಕೆ ವಿರೋಧ ಪಕ್ಷ. ಮುಂದಿನ ಸಾಲಲ್ಲಿ ಒಂದು ಕಡೆ ಮುಖ್ಯಮಂತ್ರಿ, ಹಿರಿಯ ಸಚಿವರು. ಇನ್ನೊಂದು ಕಡೆ ವಿರೋಧ ಪಕ್ಷದ ನಾಯಕರು. ಪೀಠದ ಕೆಳಗೆ ಕಾರ್ಯದರ್ಶಿಗಳ ಮೇಜು, ಅದರ ಹತ್ತಿರವೇ ಕೂತು ಒಂದೊಂದು ಮಾತನ್ನೂ ಬರೆದುಕೊಳ್ಳುವ ವರದಿಗಾರರು. ಪತ್ರಿಕೆಯವರಲ್ಲ, ಸದನದ ಸ್ವಂತ ವರದಿಗಾರರು. ಯಾರೋ ಕೂಗಾಡುವಾಗ ಸಭಾಧ್ಯಕ್ಷರು "ಅದು ಕಡತಕ್ಕೆ ಹೋಗೋದಿಲ್ಲ" ಅಂದರೆ ಇವರ ಕೈ ನಿಲ್ಲುತ್ತದೆ. ನಡುವೆ ಖಾಲಿ ಜಾಗ ಇದೆಯಲ್ಲ, ಅದೇ ನಾವು ಪೇಪರಲ್ಲಿ ಓದುವ "ಬಾವಿ". ಚಿಕ್ಕಪ್ಪ ನಿಜವಾಗಿಯೂ ಏನೋ ತಗ್ಗು ಇರುತ್ತದೆ ಅಂದುಕೊಂಡಿದ್ದರಂತೆ. "ಇದಾ ಬಾವಿ? ನಮ್ಮ ಕಣದಷ್ಟೂ ಇಲ್ವಲ್ಲೋ" ಅಂದರು. 2025ರ ಮಾರ್ಚಿನಲ್ಲಿ ಪೀಠದ ಕಡೆಗೆ ಕಾಗದ ಹರಿದು ತೂರಿದ ಗಲಾಟೆ ಆಯಿತಲ್ಲ, 18 ಶಾಸಕರನ್ನು ಆರು ತಿಂಗಳಿಗೆ ಅಮಾನತು ಮಾಡಿ, ಮಾರ್ಷಲ್‌ಗಳು ಎತ್ತಿಕೊಂಡು ಹೊರಗೆ ಹಾಕಿದ್ದು ಇಲ್ಲಿಂದಲೇ. ಆಮೇಲೆ ಮೇ ತಿಂಗಳಲ್ಲಿ ಅಮಾನತು ವಾಪಸ್ ಪಡೆದರು.

ಲೆಕ್ಕ ಗೊತ್ತಿದ್ದರೆ ನೋಡೋಕೆ ಇನ್ನೂ ಮಜಾ. ಒಟ್ಟು 224 ಸೀಟು. ಅದರಲ್ಲಿ ಪರಿಶಿಷ್ಟ ಜಾತಿಗೆ 36, ಪರಿಶಿಷ್ಟ ಪಂಗಡಕ್ಕೆ 15 ಮೀಸಲು. ಮೊದಲು ಆಂಗ್ಲೋ ಇಂಡಿಯನ್ ಸಮುದಾಯದ ಒಬ್ಬರನ್ನು ನಾಮಕರಣ ಮಾಡಿ 225 ಆಗುತ್ತಿತ್ತು, 2020ರಲ್ಲಿ ಅದು ನಿಂತಿತು. ಸರ್ಕಾರ ಮಾಡೋಕೆ ಬೇಕಾದದ್ದು 113. ಸಚಿವರು ಎಷ್ಟು ಬೇಕಾದರೂ ಇರಬಹುದು ಅಂದುಕೊಳ್ಳಬೇಡಿ, ಶೇಕಡಾ 15ರ ಮಿತಿ ಇದೆ, ಮುಖ್ಯಮಂತ್ರಿ ಸೇರಿ ಹೆಚ್ಚೆಂದರೆ 34. ಸಂಪುಟ ವಿಸ್ತರಣೆ ಅಂದಾಗೆಲ್ಲ ಯಾಕಷ್ಟು ಮುಖ ಊದಿಸಿಕೊಳ್ಳುತ್ತಾರೆ ಅಂತ ಆಗ ಅರ್ಥ ಆಗುತ್ತದೆ. ಕೋರಂಗೆ, ಅಂದರೆ ಸಭೆ ನಡೆಯೋಕೆ ಕನಿಷ್ಠ ಇರಬೇಕಾದ ಹಾಜರಿಗೆ, ಬೇಕಾದದ್ದು ಹತ್ತನೇ ಒಂದು ಭಾಗ, ಅಂದರೆ 23 ಜನ. ನಮ್ಮ ಮುಂದಿನ ಸಾಲಲ್ಲಿ ಯೂನಿಫಾರ್ಮ್ ಹಾಕಿಕೊಂಡು ಸಾಲಾಗಿ ಕೂತಿದ್ದ ಸ್ಕೂಲ್ ಮಕ್ಕಳಲ್ಲಿ ಒಬ್ಬ ಹುಡುಗ ಬೆರಳು ಮಡಚುತ್ತಾ ತಲೆ ಎಣಿಸುತ್ತಿದ್ದ. ಅವನ ಟೀಚರ್ ಕಣ್ಣಲ್ಲೇ ಗದರಿದರು, ಅವನು ಮನಸ್ಸಲ್ಲೇ ಎಣಿಸೋಕೆ ಶುರು ಮಾಡಿದ.

ಎಣಿಸುವ ಇನ್ನೊಬ್ಬರು ಪಕ್ಷಗಳ ಸಚೇತಕರು. ಇವರನ್ನು ಟಿವಿಯಲ್ಲಿ ನೀವು ಗುರುತಿಸಿರೋದೇ ಕಡಿಮೆ. ಒಂದು ಬೆಂಚಿಂದ ಇನ್ನೊಂದು ಬೆಂಚಿಗೆ ಹೋಗುತ್ತಾ, ಒಬ್ಬರ ಕಿವಿಯಲ್ಲಿ ಏನೋ ಹೇಳುತ್ತಾ, ಮದುವೆ ಮನೆಯಲ್ಲಿ ಊಟದ ಪಂಕ್ತಿ ನೋಡಿಕೊಳ್ಳುವ ಮಾವನ ಹಾಗೆ ಓಡಾಡುತ್ತಿರುತ್ತಾರೆ. ಮತಕ್ಕೆ ಹಾಕುವ ಹೊತ್ತಲ್ಲಿ ತಮ್ಮವರು ಒಳಗಿರಬೇಕು, ಅದು ಅವರ ಕೆಲಸ. 2019ರ ಜುಲೈ 23 ನೆನಪಿದೆಯಾ? ಕುಮಾರಸ್ವಾಮಿ ಸರ್ಕಾರದ ವಿಶ್ವಾಸಮತ, ಪರವಾಗಿ 99, ವಿರುದ್ಧ 105. ಸಾಲು ಸಾಲಾಗಿ ಎದ್ದು ನಿಲ್ಲಿಸಿ ತಲೆ ಎಣಿಸಿದ್ದರು. ಆರು ಮತದಲ್ಲಿ ಸರ್ಕಾರ ಹೋಯಿತು. ಬಹುಮತ ಇದೆಯೋ ಇಲ್ಲವೋ ಅಂತ ರಾಜಭವನದಲ್ಲಿ ತೀರ್ಮಾನ ಮಾಡುವ ಹಾಗಿಲ್ಲ, ಸದನದಲ್ಲೇ ಆಗಬೇಕು ಅಂತ 1994ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಕೂಡ ನಮ್ಮ ಎಸ್.ಆರ್. ಬೊಮ್ಮಾಯಿ ಅವರ ಕೇಸಿನಲ್ಲೇ. 1989ರಲ್ಲಿ ಅವರ ಸರ್ಕಾರವನ್ನು ವಜಾ ಮಾಡಿದ್ದರು. ಇಡೀ ದೇಶಕ್ಕೆ ಅನ್ವಯ ಆಗುವ ಆ ಮಾತು ಹುಟ್ಟಿದ್ದು ಈ ಬೆಂಚುಗಳ ಜಗಳದಿಂದ ಅಂತ ಚಿಕ್ಕಪ್ಪನಿಗೆ ಪಿಸುಗುಟ್ಟಿದೆ. ಅವರ ಗಮನ ಚೀಟಿಗಳ ಮೇಲೇ ಇತ್ತು.

ಇಲ್ಲಿ ನನಗೆ ತುಂಬಾ ಹಿಡಿಸಿದ ವಿಷಯ ಒಂದಿದೆ. ಯಾರೂ ಯಾರ ಜೊತೆಗೂ ನೇರವಾಗಿ ಮಾತಾಡುವ ಹಾಗಿಲ್ಲ. ಎದುರಿನವರನ್ನು ಬೈಯಬೇಕಾದರೂ "ಮಾನ್ಯ ಸಭಾಧ್ಯಕ್ಷರೇ" ಅಂತ ಶುರು ಮಾಡಿ ಅವರ ಮೂಲಕವೇ ಬೈಯಬೇಕು. ಚಿಕ್ಕಪ್ಪ ಇದನ್ನು ಐದು ನಿಮಿಷ ನೋಡಿ, "ನಮ್ಮನೇಲಿ ಜಗಳ ಆದಾಗ ನಿಮ್ಮ ಚಿಕ್ಕಮ್ಮನೂ ಹೀಗೇನೆ. ನಾನು ಎದುರಿಗೇ ಕೂತಿರ್ತೀನಿ, ಮಗಳ ಹತ್ರ 'ನಿಮ್ಮಪ್ಪಂಗೆ ಊಟಕ್ಕೆ ಬರೋಕೆ ಹೇಳು' ಅಂತಾಳೆ" ಅಂದರು. ನಗು ತಡೆದುಕೊಳ್ಳೋಕೆ ಕಷ್ಟ ಆಯಿತು, ಗ್ಯಾಲರಿಯಲ್ಲಿ ನಗೋ ಹಾಗಿಲ್ಲ, ಚಪ್ಪಾಳೆ ತಟ್ಟೋ ಹಾಗೂ ಇಲ್ಲ.

ಸಭಾಧ್ಯಕ್ಷರು ಕೂಡ ಒಂದು ಪಕ್ಷದಿಂದ ಗೆದ್ದು ಬಂದವರೇ. ಚುನಾವಣೆ ಆದ ಮೇಲೆ ಮೊದಲು ಹಂಗಾಮಿ ಸಭಾಧ್ಯಕ್ಷರು ಎಲ್ಲರಿಗೂ ಪ್ರಮಾಣವಚನ ಬೋಧಿಸುತ್ತಾರೆ, 2023ರಲ್ಲಿ ಅದನ್ನು ಮಾಡಿದ್ದು ಆರ್.ವಿ. ದೇಶಪಾಂಡೆ. ಆಮೇಲೆ ಸದಸ್ಯರೇ ತಮ್ಮೊಳಗೆ ಒಬ್ಬರನ್ನು ಆರಿಸುತ್ತಾರೆ, ಆ ಸಲ ಯು.ಟಿ. ಖಾದರ್. ಪೀಠದಲ್ಲಿ ಕೂತವರು ಮತ ಹಾಕುವುದಿಲ್ಲ, ಎರಡೂ ಕಡೆ ಸಮ ಆದರೆ ಮಾತ್ರ ಅವರ ಮತ. ಕೆ.ಎಸ್. ನಾಗರತ್ನಮ್ಮ 1972ರಲ್ಲೇ ಈ ಪೀಠದಲ್ಲಿ ಕೂತಿದ್ದರು, ಇಲ್ಲಿ ಕೂತ ಮೊದಲ ಮಹಿಳೆ ಅವರು. ಒಂದು ಸಣ್ಣ ಎಚ್ಚರಿಕೆ: ಸಭಾಧ್ಯಕ್ಷರನ್ನು ಸಭಾಪತಿ ಅನ್ನಬೇಡಿ. ಸಭಾಪತಿ ಇರೋದು ಮೇಲ್ಮನೆಯಲ್ಲಿ, ಅಂದರೆ 75 ಜನರ ವಿಧಾನ ಪರಿಷತ್ತಿನಲ್ಲಿ. ಅದನ್ನು ಚಿಂತಕರ ಚಾವಡಿ ಅಂತಾರೆ. ದುಡ್ಡಿನ ವಿಷಯದಲ್ಲಿ ಮಾತ್ರ ಚಾವಡಿಗೆ ಬಲ ಕಡಿಮೆ: ಹಣಕಾಸು ಮಸೂದೆಯನ್ನು 14 ದಿನದೊಳಗೆ ವಾಪಸ್ ಕಳಿಸಬೇಕು, ಅವರ ಸಲಹೆ ಒಪ್ಪೋದು ಬಿಡೋದು ಕೆಳಮನೆಯ ಇಷ್ಟ.

ಯಾವ ಹೊತ್ತಿಗೆ ಹೋಗಬೇಕು? ಪ್ರಶ್ನೋತ್ತರ ವೇಳೆಗೆ. ಇದಕ್ಕೆ ನನ್ನ ಕಡೆಯಿಂದ 5ಕ್ಕೆ 5. ಚುಕ್ಕೆ ಗುರುತಿನ ಪ್ರಶ್ನೆಗೆ ಸಚಿವರು ಎದ್ದು ನಿಂತು ಉತ್ತರ ಕೊಡಬೇಕು, ಉಪಪ್ರಶ್ನೆ ಬಂದರೆ ಅದನ್ನೂ ಎದುರಿಸಬೇಕು. ಚುಕ್ಕೆ ಇಲ್ಲದ್ದಕ್ಕೆ ಬರಹದಲ್ಲಿ ಕೊಟ್ಟರೆ ಸಾಕು. ಚೀಟಿ ಓಡಾಡೋದೂ ಇದೇ ಹೊತ್ತಲ್ಲಿ ಜಾಸ್ತಿ. ಆಮೇಲೆ ಶೂನ್ಯವೇಳೆ, ಅದೂ ಪರವಾಗಿಲ್ಲ, ಅವರವರ ಊರಿನ ತುರ್ತು ವಿಷಯ ಎತ್ತುತ್ತಾರೆ. ಮಸೂದೆಗಳ ಹೊತ್ತಿಗೆ ಮಾತ್ರ ನಿಮಗೆ ವಿಷಯ ಮೊದಲೇ ಗೊತ್ತಿರಬೇಕು, ಇಲ್ಲದಿದ್ದರೆ ತಕರಾರಿಲ್ಲದ ಮಸೂದೆ ಧ್ವನಿಮತದಲ್ಲಿ (ತಲೆ ಎಣಿಸದೆ, ಹೌದು-ಇಲ್ಲ ಅನ್ನುವ ಕೂಗಿನಲ್ಲೇ) ಯಾವಾಗ ಪಾಸ್ ಆಯಿತು ಅಂತಲೇ ತಿಳಿಯಲ್ಲ. ಮಧ್ಯಾಹ್ನದ ಮೇಲೆ ನನ್ನದು 3. ಅದು ಸಭೆಯ ತಪ್ಪಲ್ಲ, ನಾನು ತಿಂಡಿ ತಿನ್ನದೆ ಹೋಗಿದ್ದೆ.

ಗ್ಯಾಲರಿಯಿಂದಲೂ ಕಾಣದ್ದು ಒಂದಿದೆ, ಸಮಿತಿಗಳು. ಸರ್ಕಾರ ದುಡ್ಡು ಹೇಗೆ ಖರ್ಚು ಮಾಡಿತು ಅಂತ ಕೆದಕುವ ಸಾರ್ವಜನಿಕ ಲೆಕ್ಕಪತ್ರ ಸಮಿತಿ (ಇದರ ಅಧ್ಯಕ್ಷಗಿರಿ ವಿರೋಧ ಪಕ್ಷಕ್ಕೆ ಕೊಡೋದು ವಾಡಿಕೆ), ಸದನದ, ಶಾಸಕರ ವಿಶೇಷ ಹಕ್ಕಿಗೆ ಧಕ್ಕೆ ಆಯಿತು ಅನ್ನುವ ದೂರು ನೋಡುವ ಹಕ್ಕುಬಾಧ್ಯತಾ ಸಮಿತಿ, ಇನ್ನೂ ಎಷ್ಟೋ. ಇವೆಲ್ಲ ಮುಚ್ಚಿದ ಕೋಣೆಯಲ್ಲಿ ನಡೆಯುತ್ತವೆ. ನನಗೆ ಅವುಗಳಲ್ಲಿ ಇಷ್ಟವಾದದ್ದು ಭರವಸೆಗಳ ಸಮಿತಿ. ಸಚಿವರು ಸದನದಲ್ಲಿ "ಮಾಡಿಕೊಡುತ್ತೇವೆ" ಅಂದರೆ ಅದು ಗಾಳಿಗೆ ಹೋಗಬಾರದು ಅಂತ, ಕೊಟ್ಟ ಮಾತನ್ನೆಲ್ಲ ಪಟ್ಟಿ ಮಾಡಿಟ್ಟುಕೊಂಡು ಏನಾಯಿತು ಅಂತ ಕೇಳೋದೇ ಇದರ ಕೆಲಸ. ಇದನ್ನು ಹೊರಗೆ ಬಂದ ಮೇಲೆ ಕಬ್ಬನ್ ಪಾರ್ಕಿನ ಹತ್ತಿರ ಚುರುಮುರಿ ತಿನ್ನುತ್ತಾ ಚಿಕ್ಕಪ್ಪನಿಗೆ ಹೇಳಿದೆ. ಅವರು ಚುರುಮುರಿ ತಿನ್ನೋದು ನಿಲ್ಲಿಸಿದರು. "ಅಂಗಾರೆ ಬೆಳಿಗ್ಗೆ ಕೆರೆ ವಿಷಯಕ್ಕೆ ಏನಂದ್ರೋ ಅವರು?" ಅಂತ ಕೇಳಿದರು. ನನಗೆ ಸರಿಯಾಗಿ ನೆನಪಿರಲಿಲ್ಲ.

ಉತ್ತರ ಕರ್ನಾಟಕದವರು ಬೆಂಗಳೂರಿನವರೆಗೂ ಬರಬೇಕಾಗಿಲ್ಲ, ಚಳಿಗಾಲದ ಅಧಿವೇಶನ ಬೆಳಗಾವಿಯಲ್ಲಿ ನಡೆಯುತ್ತದೆ. ಅಲ್ಲಿನ ಸುವರ್ಣ ವಿಧಾನಸೌಧ 2012ರಲ್ಲಿ ಉದ್ಘಾಟನೆ ಆಯಿತು. ನಾನು ಅಲ್ಲಿ ಕೂತು ನೋಡಿಲ್ಲ, ಹಾಗಾಗಿ ಸ್ಟಾರ್ ಕೊಡಲ್ಲ.

ಊರಿಗೆ ಹೋದ ವಾರಕ್ಕೆ ಚಿಕ್ಕಪ್ಪ ಫೋನ್ ಮಾಡಿದರು. ಆ ಉತ್ತರದ ಪ್ರತಿ ಸಿಗುತ್ತಾ, ಪಂಚಾಯ್ತಿಯಲ್ಲಿ ತೋರಿಸಬೇಕು ಅಂದರು. ವಿಧಾನಸಭೆ ವೆಬ್‌ಸೈಟಿನಲ್ಲಿ ಪ್ರಶ್ನೆಗಳೂ ಉತ್ತರಗಳೂ ಕನ್ನಡದಲ್ಲೇ ಇರುತ್ತವೆ, ಹುಡುಕಿ ಪ್ರಿಂಟ್ ತೆಗೆದು ಬಸ್ಸಿನಲ್ಲಿ ಕಳಿಸಿದೆ. ಮುಂದಿನ ಸಲ ಹೋದಾಗ ನೋಡಿದರೆ ಆ ಹಾಳೆಗಳು ಅವರ ಮನೆಯ ಕ್ಯಾಲೆಂಡರ್ ಹಿಂದೆ ಸಿಕ್ಕಿಸಿದ್ದವು. "ಕ್ರಮ ಕೈಗೊಳ್ಳಲಾಗುವುದು" ಅನ್ನುವ ಸಾಲಿನ ಕೆಳಗೆ ಕೆಂಪು ಪೆನ್ನಿನಲ್ಲಿ ಎರಡು ಗೆರೆ ಎಳೆದಿದ್ದರು, ಪಕ್ಕದಲ್ಲಿ ತಾರೀಕು ಬರೆದಿದ್ದರು.